ಸರಕಾರದ ಕುಚ್ಚಲಕ್ಕಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇನ್ನೂ ಗದ್ದೆ ಉಳಿಸಿಕೊಂಡವರ ಮನೆಯ ನಾಯಿಗಳು ಕಮಲಾವತಿಯವರ ಸ್ಕೂಟರನ್ನು ಕಂಡು ಬೊಗಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೊಗಳಿ ಪ್ರಯೋಜನವಿಲ್ಲ, ಈ ಹೆಂಗಸು ಮತ್ತೆ ಬಂದೇ ಬರುತ್ತಾರೆ ಎಂದು ಅವುಗಳಿಗೂ ಗೊತ್ತಾಗಿತ್ತು. ಅವರು ಅಧಿಕಾರಿಯಲ್ಲ, ಸಾಲ ವಸೂಲಿಗೆ ಬರುವವರಲ್ಲ, ಗೊಬ್ಬರ ಮಾರುವವರೂ ಅಲ್ಲ. ಅವರ ಕೆಲಸ ಕೇಳುವುದು. ಬೀಜ ಎಲ್ಲಿಂದ ತಂದಿರಿ, ನೇಜಿ ನೆಡಲು ಯಾರು ಬಂದರು, ಹಟ್ಟಿ ಗೊಬ್ಬರ ಎಷ್ಟು ಹಾಕಿದಿರಿ, ಕಾಡುಹಂದಿ ಎಷ್ಟು ತಿಂದಿತು ಎಂದು ಮನೆಮನೆಗೆ ಹೋಗಿ ಕೇಳಿ, ಕೈಯಲ್ಲಿರುವ ಟ್ಯಾಬಿನಲ್ಲಿ ತುಂಬಿಸಿ, ಕೃಷಿ ಅರ್ಥಶಾಸ್ತ್ರದ ಸಂಶೋಧನೆ ಮಾಡುವ ದೊಡ್ಡವರಿಗೆ ಕಳುಹಿಸುವುದು. ಒಂದು ಅಧ್ಯಯನ ಮುಗಿದರೆ ಇನ್ನೊಂದು. ಅಡಿಕೆ ಆಯಿತು, ಹಾಲು ಆಯಿತು, ಈಗ ಭತ್ತ. ಕರಾವಳಿಯಲ್ಲಿ ಭತ್ತ ಬೆಳೆಯುವವರಿಗೆ ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆ, ಸರಕಾರ ಅವರಿಗೆ ಯಾವ ರೀತಿಯ ನೆರವು ಕೊಟ್ಟರೆ ಗದ್ದೆ ಬೇಸಾಯವಿಲ್ಲದೆ ಹಡಿಲು ಬೀಳದೆ ಉಳಿದೀತು ಎಂದು ತಿಳಿಯುವುದು ಈ ಸಲದ ಅಧ್ಯಯನದ ಉದ್ದೇಶ.

ಊರವರು ಅವರಿಗೆ ‘ಲೆಕ್ಕದಕ್ಕ’ ಎಂದು ಹೆಸರಿಟ್ಟಿದ್ದರು. ಮೂಡುಬಿದಿರೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಗಂಡ ಪುಷ್ಪರಾಜ, "ಇವಳಿಗೆ ನಮ್ಮ ಮನೆಯ ಅಕ್ಕಿ ಮುಗಿದದ್ದು ಗೊತ್ತಿರುವುದಿಲ್ಲ, ಊರವರ ಹಟ್ಟಿಯ ಗೊಬ್ಬರದ ಲೆಕ್ಕ ಮಾತ್ರ ಬಾಯಿಪಾಠ ಉಂಟು" ಎಂದು ಬಂದವರೆದುರು ಹೇಳಿ ನಗುತ್ತಿದ್ದರು. ಕಮಲಾವತಿಯವರೂ ನಗುತ್ತಿದ್ದರು. ಬೇಸರ ಮಾಡಿಕೊಳ್ಳುವ ಸ್ವಭಾವ ಅವರದ್ದಲ್ಲ. ಪ್ರಶ್ನೆ ಕೇಳುವುದರಲ್ಲಿ ಮಾತ್ರ ಅವರಿಗೆ ಸಣ್ಣದೊಂದು ಜಂಬವಿತ್ತು. ಎಂಥ ಮುಂಗೋಪಿಯ ಬಾಯಿಂದಲೂ ಮಾತು ಹೊರಡಿಸಬಲ್ಲೆ, ಕೇಳಬೇಕಾದ್ದನ್ನು ಎಂದೂ ಬಿಟ್ಟವಳಲ್ಲ ಎಂಬ ಜಂಬ ಅದು.

ಅವರು ಹೋಗುವ ಮನೆಗಳಲ್ಲಿ ಅವರಿಗೆ ತುಂಬ ಇಷ್ಟವಾದದ್ದು ಸಿದ್ದಕಟ್ಟೆಯಿಂದಾಚೆ ಇರುವ ಹಾಜಬ್ಬರ ಮನೆ. ಹಾಜಬ್ಬ ವಯಸ್ಸಾದವರು, ಬಿಳಿ ಗಡ್ಡ, ತಲೆಗೆ ಸುತ್ತಿದ ಬೈರಾಸು, ಮೊಣಕಾಲಿನವರೆಗೆ ಕೆಸರು. ಆ ಬೈಲಿನಲ್ಲಿ ಉಳಿದವರೆಲ್ಲ ಗದ್ದೆಗೆ ಮಣ್ಣು ತುಂಬಿಸಿ ಬೇರೇನೋ ಮಾಡಿದರೂ ಇವರು ಭತ್ತ ಬಿಟ್ಟವರಲ್ಲ. ಹೆಂಡತಿ ಆಸ್ಯಮ್ಮನಿಗೆ ಕಮಲಾವತಿ ಬಂದರೆ ಹಬ್ಬ. ಜೈನರ ಮನೆಯ ಹೆಂಗಸು ತಮ್ಮಲ್ಲಿ ಏನು ತಿನ್ನಬಹುದು, ಏನು ತಿನ್ನಲಿಕ್ಕಿಲ್ಲ ಎಂದು ಯೋಚಿಸಿ ಯೋಚಿಸಿ ಕೊನೆಗೆ ಕದಳಿ ಬಾಳೆಹಣ್ಣು, ಎಳನೀರು ಎಂದು ತೀರ್ಮಾನ ಮಾಡಿಕೊಂಡಿದ್ದರು. ಅದು ಯಾವಾಗ ಹೋದರೂ ತಯಾರು.

ಹಾಜಬ್ಬ ಯೋಚಿಸಿ ಉತ್ತರ ಕೊಡುವವರು. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಅವರ ಲೆಕ್ಕ ಮಾತ್ರ ಸರಿ ಬೀಳುತ್ತಿರಲಿಲ್ಲ. ಕೊಯ್ಲಿಗೆ ಮೊದಲು ಗದ್ದೆಯ ಒಂದು ಮೂಲೆಯಲ್ಲಿ ಚೌಕ ಗುರುತು ಮಾಡಿ, ಅಷ್ಟನ್ನೇ ಕೊಯ್ದು, ತೂಗಿ, ಇಡೀ ಗದ್ದೆಯಲ್ಲಿ ಎಷ್ಟು ಭತ್ತ ಬರಬೇಕೆಂದು ಅಂದಾಜು ಮಾಡುವ ಕ್ರಮವುಂಟು. ಆ ಅಂದಾಜಿಗೂ, ಮನೆಗೆ ಇಷ್ಟು ಬಂತು ಎಂದು ಹಾಜಬ್ಬ ಹೇಳಿದ್ದಕ್ಕೂ ನಡುವೆ ಪ್ರತಿ ಬೆಳೆಯಲ್ಲೂ ದೊಡ್ಡ ಅಂತರ. ಮೊದಲ ಸಲ ಕಮಲಾವತಿ ಅದನ್ನು ನವಿಲಿನ ತಲೆಗೆ ಕಟ್ಟಿದರು. ಎರಡನೆಯ ಸಲ ಹಂದಿಯ ತಲೆಗೆ. ಮೂರನೆಯ ಸಲ ಹೊರಿಸಲು ಯಾವ ಪ್ರಾಣಿಯೂ ಉಳಿದಿರಲಿಲ್ಲ.

ಮಿಜಾರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆಯೇ ಅಧ್ಯಯನದ ಕಚೇರಿ. ಅಲ್ಲಿ ರಂಜಿತ್ ಕೂರುತ್ತಿದ್ದ. ಹಾಸನದ ಕಡೆಯವನು, ಹೊಸದಾಗಿ ಡಾಕ್ಟರೇಟ್ ಮುಗಿಸಿದವನು, ಒಳ್ಳೆಯ ಹುಡುಗ. ಆ ದಿನ ಅವನು ಕಂಪ್ಯೂಟರನ್ನು ಕಮಲಾವತಿಯವರ ಕಡೆಗೆ ತಿರುಗಿಸಿದ.

"ನೋಡಿ ಮೇಡಂ, ಈ ಹಾಜಬ್ಬ ಅನ್ನೋರದ್ದು ಮಾತ್ರ ತಾಳೆ ಆಗ್ತಿಲ್ಲ. ನೆರವು ಜಾಸ್ತಿ ಸಿಗಲಿ ಅಂತ ಬೆಳೆ ಕಡಿಮೆ ಹೇಳ್ತಿದ್ದಾರೆ. ಇವರನ್ನ ಬಿಟ್ಟುಬಿಡೋಣ."

"ಬಿಡುವುದು ಅಂದ್ರೆ ಎಂತ ಬರೀತೀರಿ ಸರ್?"

"ಮಾಹಿತಿ ನಂಬೋ ಹಾಗಿಲ್ಲ, ರೈತರು ತಪ್ಪು ಹೇಳಿದ್ದಾರೆ ಅಂತ. ಮುಂದೆ ಯಾರೂ ಇವರನ್ನ ಅಧ್ಯಯನಕ್ಕೆ ತಗೊಳ್ಳದ ಹಾಗೆ ಆಗುತ್ತೆ, ಅಷ್ಟೆ."

ಅಷ್ಟೆ ಎಂದು ಅವನು ಹೇಳಿದ್ದು ಕಮಲಾವತಿಯವರ ಎದೆಗೆ ನಾಟಿತು. ಹಾಜಬ್ಬರ ಹೆಸರಿನ ಮುಂದೆ ಸುಳ್ಳುಗಾರ ಎಂದು ಬರೆದಿಡುವುದು, ಅದೂ ತಾನು ತುಂಬಿಸಿಕೊಟ್ಟ ಉತ್ತರಗಳಿಂದಾಗಿ! "ಸ್ವಲ್ಪ ಸಮಯ ಕೊಡಿ ಸರ್, ನಾನು ಇನ್ನೊಮ್ಮೆ ಕೇಳಿ ಬರ್ತೇನೆ" ಎಂದರು. ರಂಜಿತ್ ಒಪ್ಪಿದ. ಮುಂದಿನ ಸಭೆಯೊಳಗೆ ಕಾರಣ ಸಿಗದಿದ್ದರೆ ತಾನು ಬರೆಯುವುದೇ ಸೈ ಎಂದ.

ಕೇಳಿ ಬರ್ತೇನೆ ಎಂದದ್ದೇನೋ ಹೌದು. ಆದರೆ ಆ ಮನುಷ್ಯನ ಮುಖ ನೋಡಿ ‘ನೀವು ಸುಳ್ಳು ಹೇಳಿದಿರಾ’ ಎಂದು ಕೇಳುವುದು ಹೇಗೆ? ಅದೇ ಯೋಚನೆಯಲ್ಲಿ ಕಮಲಾವತಿ ಅಲ್ಲಿಗೆ ಹೋಗುವುದನ್ನು ಮುಂದೂಡಿ, ಬೈಲಿನ ಆಚೆ ಬದಿಯ ಸೇಸಮ್ಮನ ಮನೆಗೆ ಹೋದರು. ಕೃಷಿ ಕೂಲಿ ಮಾಡಿದವರ ಮನೆಗಳಿಗೂ ಒಂದು ಫಾರ್ಮ್ ಇತ್ತು. ಅದರಲ್ಲಿ ಸೇಸಮ್ಮನದೂ ಒಂದು ಹೆಸರು.

ಸೇಸಮ್ಮ ಒಬ್ಬಂಟಿ ಮುದುಕಿ. ಮಗಳನ್ನು ವೇಣೂರಿಗೆ ಕೊಟ್ಟಿದ್ದರು. ಮದುವೆಯಾಗಿ ಬಂದಂದಿನಿಂದ ಮೊಣಕಾಲು ಕೈಕೊಡುವವರೆಗೆ ಹಾಜಬ್ಬರ ಗದ್ದೆಯಲ್ಲೇ ನೇಜಿ ನೆಟ್ಟು, ಕಳೆ ಕಿತ್ತು, ಕೊಯ್ದವರು. ಗಂಡ ಅದೇ ಗದ್ದೆಯನ್ನು ಉಳುತ್ತಿದ್ದವರು, ತೀರಿಕೊಂಡು ತುಂಬ ವರ್ಷಗಳಾಗಿದ್ದವು. ಬಾಯಿ ಸ್ವಲ್ಪ ಜೋರು. ಯಾರ ಹಂಗಿಗೂ ಬೀಳುವವರಲ್ಲ. ನೆರೆಯವರು ಪಾಯಸ ತಂದುಕೊಟ್ಟರೆ ಆ ಪಾತ್ರೆಯಲ್ಲಿ ನಾಲ್ಕು ಬಸಳೆ ದಂಟಾದರೂ ಇಟ್ಟೇ ಹಿಂದೆ ಕಳುಹಿಸುವವರು.

"ಅಕ್ಕಿ ಎಲ್ಲಿಂದ ತರ್ತೀರಿ ಸೇಸಮ್ಮಕ್ಕ?" ಎಂದು ಕಮಲಾವತಿ ಕೇಳಿದರು.

"ಸೊಸೈಟಿಯಿಂದ ರೇಶನಿನ ಬಿಳಿ ಅಕ್ಕಿ ಬರ್ತದೆ. ಅದನ್ನು ಕೋಳಿಗೆ ಹಾಕ್ತೇನೆ, ಬರೀಬೇಡಿ" ಎಂದು ನಕ್ಕರು ಸೇಸಮ್ಮ. "ಊಟಕ್ಕೆ ಸರಕಾರದ ಕುಚ್ಚಲಕ್ಕಿ ಉಂಟಲ್ಲ. ಮನೆಗೇ ಕಳಿಸ್ತಾರೆ ಮಾರಾಯ್ರೆ, ಆಟೋದಲ್ಲಿ! ಯಾವ ಪುಣ್ಯಾತ್ಮ ಮಂತ್ರಿಗೆ ಬುದ್ಧಿ ಬಂತೋ."

ಕಮಲಾವತಿಯವರ ಬೆರಳು ಟ್ಯಾಬಿನ ಮೇಲೆಯೇ ನಿಂತಿತು. ಸರಕಾರದ ಸ್ಕೀಮುಗಳೆಂದರೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಯಾವುದು ಘೋಷಣೆಯಾಗಿದೆ, ಯಾವುದು ಜಾರಿಯಾಗಿದೆ, ಯಾವುದು ಕಾಗದದಲ್ಲಿ ಮಾತ್ರ ಇದೆ ಎಂದೆಲ್ಲ ಅವರನ್ನು ಕೇಳಬೇಕು. ಕೆಂಪು ಕುಚ್ಚಲಕ್ಕಿಯನ್ನು ಮೂಟೆ ಕಟ್ಟಿ ಮುದುಕಿಯ ಜಗಲಿಗೆ ತಂದಿಳಿಸುವ ಸ್ಕೀಮು ಅವರು ಕೇಳಿದ್ದರಲ್ಲಿರಲಿಲ್ಲ.

"ಯಾರು ತಂದುಕೊಡುವುದು?"

"ಸಂಕಪ್ಪ. ನಮ್ಮ ಗೂಡ್ಸ್ ರಿಕ್ಷಾದ ಸಂಕಪ್ಪ. ಅವನಿಗೆ ಸರಕಾರದ ಕಾಂಟ್ರಾಕ್ಟ್ ಆಗಿದೆಯಂತೆ."

ಸಂಕಪ್ಪನನ್ನು ಕಮಲಾವತಿ ರಿಕ್ಷಾ ನಿಲ್ದಾಣದಲ್ಲೇ ಹಿಡಿದರು. ಸರಕಾರದ ಕಾಂಟ್ರಾಕ್ಟ್ ಎಂದು ಕೇಳಿದ್ದೇ ತಡ, ಅವನು ಟಯರು ನೋಡುವವನಂತೆ ಬಗ್ಗಿದ. "ನನ್ನನ್ನು ಕೇಳಬೇಡಿ ಅಕ್ಕ. ಗದ್ದೆಯಿಂದ ಭತ್ತ ಮಿಲ್ಲಿಗೆ, ಮಿಲ್ಲಿಂದ ಅಕ್ಕಿ ಆ ಅಜ್ಜಿ ಮನೆಗೆ. ಸರಕಾರ ಅಂತ ಹೇಳು ಅಂದ್ರು, ಹೇಳಿದೆ. ನೀವು ಬ್ಯಾರಿಗಳನ್ನೇ ಕೇಳಿ" ಎಂದ. ಆ ಬೈಲಿನಲ್ಲಿ ಭತ್ತ ಬೆಳೆಯುವ ಬ್ಯಾರಿಗಳು ಹಾಜಬ್ಬ ಒಬ್ಬರೇ.

ಹಾಜಬ್ಬ ಎರಡು ಗದ್ದೆಗಳ ನಡುವಿನ ಹುಣಿಯ ಮೇಲಿದ್ದರು. ಸುಗ್ಗಿ ಬೆಳೆಗೆ ನೀರು ಬಿಡುತ್ತಿದ್ದರು. ಕಮಲಾವತಿ ಚಪ್ಪಲಿ ಬಿಚ್ಚಿಟ್ಟು ಹುಣಿಯ ಮೇಲೆ ನಡೆದು ಹೋಗಿ, ಸುತ್ತಿಬಳಸದೆ ಎಲ್ಲವನ್ನೂ ಹೇಳಿದರು. ಲೆಕ್ಕ ಕೂಡಿಬಾರದ್ದು, ರಂಜಿತ್ ಬರೆಯಹೊರಟದ್ದು, ಸೇಸಮ್ಮನ ಅಕ್ಕಿ, ಸಂಕಪ್ಪ ಬಗ್ಗಿ ನಿಂತದ್ದು.

ಹಾಜಬ್ಬ ಕೈ ತೊಳೆದುಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ನಾನು ನಿಮಗೆ ಸುಳ್ಳು ಹೇಳಲಿಲ್ಲ ಕಮಲಕ್ಕ. ಮನೆಗೆ ಎಷ್ಟು ಬಂತು ಅಂತ ನೀವು ಕೇಳಿದ್ರಿ. ಮನೆಗೆ ಬಂದದ್ದನ್ನು ಹೇಳಿದ್ದೇನೆ. ಗೇಣಿ ಮನೆಗೆ ಬರ್ತದಾ? ಅದು ಗದ್ದೆಯಲ್ಲೇ ಅಳೆದು ಕೊಡುವಂಥದ್ದಲ್ವಾ?"

"ಗೇಣಿಯಾ?" ಕಮಲಾವತಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಗದ್ದೆ ನಿಮ್ಮದೇ ಅಲ್ವಾ ಹಾಜಬ್ಬಾಕ? ಯಾರಿಗೆ ಗೇಣಿ?"

"ಸೇಸಮ್ಮನಿಗೆ."

ಹಾಜಬ್ಬ ಹುಣಿಯ ಮೇಲೆ ಕುಳಿತು ನಿಧಾನವಾಗಿ ಹೇಳಿದರು. "ಈ ಗದ್ದೆ ಧಣಿಗಳದ್ದು, ನಮ್ಮ ತಂದೆ ಗೇಣಿ ಕೊಡುವ ಒಕ್ಕಲು. ಉಳುವವನಿಗೇ ಭೂಮಿ ಅಂತ ಕಾನೂನು ಬಂದಾಗ ತಂದೆ ತಾನೇ ಉಳುವವನು ಅಂತ ಡಿಕ್ಲರೇಶನ್ ಕೊಟ್ಟರು. ಸಾಕ್ಷಿ ಬೇಕಲ್ಲ? ಸೇಸಮ್ಮನ ಗಂಡ ಬಂದ. ಟ್ರಿಬ್ಯೂನಲ್ ಎದುರು ನಿಂತು ಹೇಳಿದ, ‘ಈ ಗದ್ದೆ ಗೇಯುವುದು ಇವರೇ’ ಅಂತ. ಗೇಯ್ತಾ ಇದ್ದದ್ದು ಅವನು, ಕಮಲಕ್ಕ! ನೊಗ ಹಿಡಿದದ್ದು ಅವನು, ನೆಟ್ಟದ್ದು ಅವನ ಹೆಂಡತಿ. ತಂದೆಗೆ ಜೀನಸು ವ್ಯಾಪಾರ ಇತ್ತು. ತಂದೆಗೆ ಗದ್ದೆ ಆಯ್ತು. ಅವನಿಗೆ ಬಂಟ್ವಾಳದ ಹೊಟೇಲಿನಲ್ಲಿ ಒಂದು ಚಾ, ಎರಡು ಬನ್ಸ್ ಆಯ್ತು. ನಾನೂ ಆ ಬೆಂಚಿನಲ್ಲೇ ಕೂತಿದ್ದೆ. ಅವನು ಅರ್ಧ ಬನ್ಸ್ ಕಾಗದದಲ್ಲಿ ಕಟ್ಟಿ ಹೆಂಡತಿಗೆ ಅಂತ ಕಿಸೆಯಲ್ಲಿ ಇಟ್ಟುಕೊಂಡ."

ಹಾಜಬ್ಬ ಹುಣಿಯ ಬಿರುಕಿಗೆ ಒಂದು ಹಿಡಿ ಕೆಸರು ಮೆತ್ತಿದರು.

"ಅವಳು ಕೆಲಸಕ್ಕೆ ಬರುವಷ್ಟು ಕಾಲ ಕೂಲಿ ಕೊಟ್ಟು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿದೆ. ಕಾಲು ಹೋದ ಮೇಲೆ ಅಕ್ಕಿ ಕೊಡಲಿಕ್ಕೆ ಹೋದೆ. ‘ಗೇಯದೆ ತಿನ್ನುವವಳಲ್ಲ ನಾನು’ ಅಂತ ಬಾಗಿಲು ಹಾಕಿದಳು. ಗೇಣಿ ಅಂತ ಹೇಳುವ ಧೈರ್ಯ ಆಗಲಿಲ್ಲ, ತಮಾಷೆ ಮಾಡ್ತೇನೆ ಅಂತ ತಿಳಿದಾಳು. ಮತ್ತೆ ಸಂಕಪ್ಪನ ಹತ್ತಿರ ಸರಕಾರದ್ದು ಅಂತ ಹೇಳಿಸಿದೆ. ನಾನು ಹೇಳಿದ ಸುಳ್ಳು ಅದೊಂದೇ, ಹೇಳಿದ್ದೂ ಅವಳಿಗೆ." ಅವರು ತಲೆಯೆತ್ತಿದರು. "ನಿಮ್ಮ ಟ್ಯಾಬಿನಲ್ಲಿ ಗೇಣಿಯ ಪ್ರಶ್ನೆ ಇಲ್ವಾ?"

"ಉಂಟು."

"ಮತ್ತೆ ಯಾಕೆ ಕೇಳಲಿಲ್ಲ?"

ಕಮಲಾವತಿ ಕೈಯಲ್ಲಿದ್ದ ಟ್ಯಾಬಿನತ್ತ ನೋಡಿದರು. ಪ್ರಶ್ನೆ ಇದ್ದದ್ದು ನಿಜ. ‘ಗೇಣಿ ಕೊಡುವುದುಂಟೇ?’ ಎಂಬ ಆ ಸಾಲು ಬಂದಾಗಲೆಲ್ಲ ಅವರು ಬಾಯಿ ತೆರೆಯದೆ ತಾವೇ ‘ಇಲ್ಲ’ ಒತ್ತಿ ಮುಂದೆ ಹೋಗುತ್ತಿದ್ದರು. ಈ ಕಾಲದಲ್ಲಿ ಗೇಣಿ ಯಾರಿಗಿದೆ ಎಂಬುದು ಅವರು ತಮಗೇ ಹೇಳಿಕೊಳ್ಳುವ ನೆಪ. ನಿಜವಾದ ಕಾರಣ ಬೇರೆ. ಅವರ ತವರು ಮೂಡುಬಿದಿರೆಯ ಹತ್ತಿರ ಗೇಣಿ ಪಡೆಯುತ್ತಿದ್ದ ಮನೆ. ಡಿಕ್ಲರೇಶನ್‌ನಲ್ಲಿ ಗದ್ದೆಗಳೆಲ್ಲ ಹೋದ ಮೇಲೆ ಆ ಮನೆಯಲ್ಲಿ ಯಾರೂ ಗೇಣಿ ಎಂಬ ಮಾತೆತ್ತುತ್ತಿರಲಿಲ್ಲ. ಅಪ್ಪನ ಎದುರು ಯಾರಾದರೂ ಬಾಯಿತಪ್ಪಿ ಅಂದರೆ ಅವರು ಊಟದ ಎಲೆಯ ಮುಂದಿನಿಂದ ಎದ್ದು ಹೋಗುತ್ತಿದ್ದರು. ಹಾಗೆ ಬೆಳೆದ ಹುಡುಗಿಗೆ, ಹಿಂದೆ ಒಕ್ಕಲಾಗಿದ್ದವರ ಜಗಲಿಯಲ್ಲಿ ಕುಳಿತು, ಅವರು ಕೊಟ್ಟ ಬಾಳೆಹಣ್ಣು ತಿಂದು, ಆ ಶಬ್ದ ಎತ್ತಲು ನಾಲಿಗೆ ಏಳುತ್ತಿರಲಿಲ್ಲ. ಕೇಳಬೇಕಾದ್ದನ್ನು ಎಂದೂ ಬಿಟ್ಟವಳಲ್ಲ ಎಂಬ ಜಂಬ ಆ ಹುಣಿಯ ಮೇಲೆಯೇ ಇಳಿದುಹೋಯಿತು.

ಅಲ್ಲಿಂದಲೇ ರಂಜಿತ್‌ಗೆ ಫೋನು ಮಾಡಿದರು. ಅವನು ಪೂರ್ತಿ ಕೇಳಿ, "ಸ್ವಂತ ಗದ್ದೆಗೆ ಕೂಲಿಯವರಿಗೆ ಗೇಣಿನಾ? ಹಾಗೆಲ್ಲ ಇರಲ್ಲ ಮೇಡಂ. ದಾನ ಅಂತ ಹಾಕಿ" ಎಂದ.

"ಅವರು ದಾನ ಅಂತ ಹೇಳಲಿಲ್ಲ ಸರ್, ಗೇಣಿ ಅಂತ ಹೇಳಿದ್ದು. ರೈತರು ಹೇಳಿದ್ದನ್ನೇ ಬರೀಬೇಕು ಅಂತ ನೀವೇ ಕಲಿಸಿದ್ದಲ್ವಾ?"

"ಸರಿ" ಎಂದ ರಂಜಿತ್, ಮೆತ್ತಗೆ. "ಆದರೆ ಆ ಅಜ್ಜಿ ಫಾರ್ಮೂ ನಮ್ಮ ಹತ್ರ ಇದೆಯಲ್ಲ? ಅವರು ಸರ್ಕಾರದ ಅಕ್ಕಿ, ಇವರು ಗೇಣಿ ಅಂದ್ರೆ ನಾನು ಯಾವುದನ್ನ ನಂಬಲಿ? ಅವರ ಬಾಯಲ್ಲೂ ಅದೇ ಬರಲಿ, ಒಪ್ಕೊಳ್ತೀನಿ."

ಹಾಜಬ್ಬರಿಗೆ ಅದನ್ನು ಹೇಳಿದಾಗ ಅವರು ಹುಣಿಯಿಂದ ಎದ್ದು ನಿಂತರು. "ಬೇಡ ಕಮಲಕ್ಕ. ನನ್ನ ಹೆಸರಿಗೆ ಸುಳ್ಳ ಅಂತಲೇ ಬರೀಲಿ, ತೊಂದರೆ ಇಲ್ಲ. ಗೊತ್ತಾದ್ರೆ ಅವಳು ಅಕ್ಕಿ ಬಿಡ್ತಾಳೆ. ಕೋಳಿಗೆ ಹಾಕುವ ಅಕ್ಕಿ ತಿಂದು ಬದುಕುವುದಾ ಈ ವಯಸ್ಸಿನಲ್ಲಿ?"

ಸ್ಕೂಟರಿನ ಹತ್ತಿರ ಕಮಲಾವತಿ ತುಂಬ ಹೊತ್ತು ನಿಂತರು. ಹೇಳಿದರೆ ಮುದುಕಿಯ ಅನ್ನ ಹೋದೀತು. ಹೇಳದಿದ್ದರೆ ಈ ಮನುಷ್ಯನ ಮರ್ಯಾದೆ ಹೋಗುತ್ತದೆ. ಸುಮ್ಮನೆ ಮನೆಗೆ ಹೋಗಿಬಿಡುವ ಎಂದು ಒಂದು ಮನಸ್ಸು. ಆದರೆ ಕೇಳದೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು, ಮತ್ತೆ ಕೇಳದೆ ಹೋಗುವುದು ಹೇಗೆ? "ನನ್ನನ್ನು ನಂಬ್ತೀರಾ ಹಾಜಬ್ಬಾಕ?" ಎಂದರು. ಹಿಂದೆಯೇ ಬಂದಿದ್ದ ಹಾಜಬ್ಬ ಆಚೆ ಬದಿಯ ಸೇಸಮ್ಮನ ಮನೆಯ ಕಡೆ ನೋಡಿ, ಹೂಂ ಎಂದರು.

ಸೇಸಮ್ಮ ಜಗಲಿಯಲ್ಲಿ ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು. ಕಮಲಾವತಿ ಎದುರಿಗೆ ನೆಲದ ಮೇಲೆ ಕುಳಿತು, ಅಕ್ಕಿ ಸರಕಾರದ್ದಲ್ಲ, ಹಾಜಬ್ಬರದ್ದು ಎಂದು ಹೇಳಿದರು. ಸೇಸಮ್ಮನ ಕತ್ತಿ ನಿಂತಿತು.

"ಆ ಸಂಕಪ್ಪ ಇನ್ನು ಈ ದಾರಿಯಲ್ಲಿ ಬರ್ಲಿ" ಎಂದರು ಮೊದಲು. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋಗಿ, ಅರ್ಧ ಮೂಟೆ ಅಕ್ಕಿಯನ್ನು ಎಳೆದೆಳೆದು ಹೊಸಿಲಿನವರೆಗೆ ತಂದರು. "ತಗೊಂಡು ಹೋಗಿ. ಅವರಿಗೆ ಹೇಳಿದ್ದೇನೆ, ಗೇಯದೆ ತಿನ್ನುವವಳಲ್ಲ ನಾನು."

"ಅವರು ಕೊಟ್ಟದ್ದು ದಾನ ಅಲ್ಲ ಸೇಸಮ್ಮಕ್ಕ. ಗೇಣಿ."

"ಎಂತ ಗೇಣಿ? ಯಾರ ಗೇಣಿ?"

"ಆ ಗದ್ದೆ ಗೇಯ್ದದ್ದು ನಿಮ್ಮ ಯಜಮಾನ್ರು, ನೀವು. ಕಾನೂನು ಅದನ್ನು ನೋಡಲಿಲ್ಲ. ಹಾಜಬ್ಬಾಕ ನೋಡಿದ್ದಾರೆ. ನಿಮ್ಮ ಪಾಲು ಅಂತ ಪ್ರತಿ ಬೆಳೆಗೂ ಗದ್ದೆಯಲ್ಲೇ ಅಳೆದು ತೆಗೆದಿಡ್ತಾರೆ."

"ಹುಚ್ಚಾ ಅವರಿಗೆ?" ಸೇಸಮ್ಮನ ಸ್ವರ ಏರಿತು. "ಗೇಣಿ ತಗೊಳ್ಳುವುದು ಧಣಿಗಳು. ಕೂತು ತಿನ್ನಲಿಕ್ಕೆ ನಾನು ಧಣಿಯಾ?"

ಆಗ ಕಮಲಾವತಿಯವರ ಬಾಯಿಂದ, ಅಷ್ಟು ವರ್ಷ ಎಲ್ಲಿಯೂ ಹೊರಡದ ಮಾತು ಹೊರಟಿತು. "ಸೇಸಮ್ಮಕ್ಕ, ನಮ್ಮ ಅಜ್ಜ ಒಂದು ದಿನ ಗದ್ದೆಗೆ ಇಳಿದವರಲ್ಲ. ಅವರ ಕಾಲಿಗೆ ಕೆಸರು ತಾಗಿದ್ದನ್ನು ಯಾರೂ ನೋಡಿಲ್ಲ. ಸಾಯುವವರೆಗೆ ಗೇಣಿ ಅಕ್ಕಿ ಉಂಡರು. ನಾನೂ ಅದರಲ್ಲೇ ಬೆಳೆದ ಮಗುವಿನ ಮಗು. ಗೇಯದೆ ತಿಂದವರು ನಾವು, ನೀವಲ್ಲ. ಗೇಣಿಗೆ ಹಕ್ಕು ಅಂತ ಯಾರಿಗಾದ್ರೂ ಇದ್ರೆ, ಅದು ನಿಮಗೆ." ತವರಿನ ಹೆಸರು ಕೆಡಿಸಿದೆನೋ ಎಂಬ ಅಳುಕು ಒಂದು ಕಡೆ, ಹೊತ್ತದ್ದನ್ನು ಇಳಿಸಿದ ಹಗುರ ಇನ್ನೊಂದು ಕಡೆ. ಅವರು ಕಣ್ಣೊರಸಿಕೊಂಡರು.

ಸೇಸಮ್ಮ ಮೂಟೆಯ ಪಕ್ಕ ಹೊಸಿಲಿನ ಮೇಲೆ ಕುಳಿತರು. ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು, ಅಂಗೈಯಲ್ಲಿ ಹರಡಿ, ಬಹಳ ಹೊತ್ತು ನೋಡಿದರು. ನೆಟ್ಟು ನೆಟ್ಟು ಬಾಗಿದ ಬೆರಳುಗಳವು.

"ಇವರು ಇದ್ದಿದ್ರೆ ನಗ್ತಿದ್ರು" ಎಂದರು, ಗಂಡನನ್ನು ನೆನೆದು. ಮತ್ತೆ ಸ್ವಲ್ಪ ತಡೆದು ಕೇಳಿದರು, "ನಿಮ್ಮಲ್ಲಿ ಗೇಣಿ ಹೇಗೆ ಬರ್ತಿತ್ತು? ಹೀಗೆ ರಿಕ್ಷಾದಲ್ಲಿ ಕಳಿಸ್ತಿದ್ರಾ?"

"ಇಲ್ಲ. ಒಕ್ಕಲಿನವರೇ ಹೊತ್ತುಕೊಂಡು ಬರುವುದು. ಜಗಲಿಯಲ್ಲಿ ಇಳಿಸುವುದು. ಅವರಿಗೆ ಬೆಲ್ಲ, ನೀರು ಕೊಡುವುದು ಅಂತ ಅಮ್ಮ ಹೇಳ್ತಿದ್ರು."

"ಹಾಗಾದ್ರೆ ನಿಮ್ಮ ಹಾಜಬ್ಬರಿಗೆ ಹೇಳಿ" ಎಂದು ಸೇಸಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಕದ್ದುಮುಚ್ಚಿ ಕಳಿಸಿದ್ದು ನನಗೆ ಬೇಡ. ಕೊಡುವುದಾದ್ರೆ ಅವರೇ ಬರಬೇಕು. ನನ್ನ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡೀಬೇಕು. ನೀವು ಬರೀರಿ, ಗೇಣಿ ಬರ್ತದೆ ಅಂತ."

ಕಮಲಾವತಿ ಟ್ಯಾಬ್ ತೆಗೆದರು. ಆದರೆ ಬರೆಯಲಿಲ್ಲ. ಮೊದಲು ಕೇಳಬೇಕಲ್ಲ? ಕೂಲಿಯವರ ಫಾರ್ಮಿನಲ್ಲಿದ್ದ ಗೇಣಿಯ ಸಾಲನ್ನು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ನುಂಗದೆ, ಗಟ್ಟಿಯಾಗಿ ಓದಿದರು. "ಗೇಣಿ ರೂಪದಲ್ಲಿ ಧಾನ್ಯ ಪಡೆಯುವುದುಂಟೇ?"

"ಉಂಟು" ಎಂದರು ಸೇಸಮ್ಮ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಂಗೈಯ ಅಕ್ಕಿಯನ್ನು ಬೆರಳಿನಿಂದ ಕೆದಕಿ, "ಇದೊಂದೂ ಹೇಳಿ ಅವರಿಗೆ. ಅಕ್ಕಿಯಲ್ಲಿ ನುಚ್ಚು ಜಾಸ್ತಿ ಉಂಟು. ಇಷ್ಟು ದಿನ ಸರಕಾರದ್ದು ಅಂತ ಸುಮ್ಮನಿದ್ದೆ" ಎಂದರು.

ಕಮಲಾವತಿ ಅಂಗಳಕ್ಕಿಳಿದು ಹಾಜಬ್ಬರಿಗೆ ಫೋನು ಮಾಡಿ, ಬೆಲ್ಲ ನೀರಿನ ಮಾತನ್ನೂ ನುಚ್ಚಿನ ದೂರನ್ನೂ ಹಾಗೆಯೇ ಒಪ್ಪಿಸಿದರು. "ನುಚ್ಚಾ?" ಎಂದರು ಹಾಜಬ್ಬ. "ತಪ್ಪಾಯ್ತು ಅಂತ ಹೇಳಿ. ಮುಂದಿನ ಸಲ ಆರಿಸಿ ತರ್ತೇನೆ ಅಂತ ಹೇಳಿ." ಅವರು ಅಳುತ್ತಿದ್ದಾರೆಂದು ಕಮಲಾವತಿಗೆ ಗೊತ್ತಾಯಿತು. ಫೋನು ಇಡದೆ ಸುಮ್ಮನೆ ಕೇಳುತ್ತಾ ನಿಂತರು.